ಬಟ್ಟಲಿಗೆ ಸೋಪು ಕೂರಿಸಿದ್ದು

ನಮ್ಮ ಮನೆಯಲ್ಲಿ ಅಪ್ಪನ ಶೇವಿಂಗ್ ಬಟ್ಟಲನ್ನು ಅಪ್ಪನನ್ನು ಬಿಟ್ಟು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಹಿತ್ತಿಲ ಬಾಗಿಲಿನ ಪಕ್ಕದ ಗೂಡಿನಲ್ಲಿ ಅದು ಸ್ವಲ್ಪ ಓರೆಯಾಗಿ ಕೂತಿರುತ್ತಿತ್ತು. ಮೇಲಿನ ಮೊಳೆಗೆ ಬ್ರಷ್ಷು, ಕೂದಲು ಕೆಳಗೆ ಮಾಡಿಕೊಂಡು ನೇತಾಡುತ್ತಿತ್ತು. ಹಿತ್ತಾಳೆಯ ಆ ಬಟ್ಟಲು ನಿಜಕ್ಕೂ ಅವ್ವನದು. ಯಳಂದೂರಿನ ತವರಿನವರು ಮದುವೆಯಲ್ಲಿ ತುಪ್ಪ ಬಡಿಸುವುದಕ್ಕೆಂದು ಕೊಟ್ಟಿದ್ದು. ಹೊಟ್ಟೆ ಅಗಲ, ಬಾಯಿ ಒಂದಿಷ್ಟು ಕಿರಿದು. ಮನೆಯಲ್ಲಿ ತುಪ್ಪ ಬಡಿಸುವ ದಿನಗಳು ಅಷ್ಟೇನೂ ಬರುತ್ತಿರಲಿಲ್ಲವಾದ್ದರಿಂದ ಅಪ್ಪ ಒಂದು ದಿನ ಯಾರನ್ನೂ ಕೇಳದೆ ಅದನ್ನು ತೆಗೆದುಕೊಂಡು ಅದರೊಳಗೆ ಶೇವಿಂಗ್ ಸೋಪು ಕೂರಿಸಿಬಿಟ್ಟಿದ್ದ. ನಾನು ಹುಟ್ಟುವುದಕ್ಕೂ ಮುಂಚಿನ ಸಂಗತಿ ಅದು. ಆದರೆ ಅವ್ವನಿಗೆ ಯಾವ ಕಾರಣಕ್ಕೆ ಸಿಟ್ಟು ಬಂದರೂ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅಲ್ಲಿಗೇ.

"ನಮ್ಮವ್ವ ತುಪ್ಪಕ್ಕೆ ಅಂತ ಕೊಟ್ಟಿದ್ದು. ನಿಮ್ಮಪ್ಪ ಗಡ್ಡಕ್ಕೆ ಇಟ್ಕಂಡ್ರು. ಈ ಮನೇಲಿ ನನ್ ಮಾತ್ಗೆ ಬೆಲೆ ಅದಾ?"

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಮ್ಮದು ಹೆಂಚಿನ ಮನೆ. ಮುಂದಿನ ದೊಡ್ಡ ಕೋಣೆ ಪೂರ್ತಿ ಮಗ್ಗಕ್ಕೆ. ಉಳಿದ ನಡುಮನೆ, ಅಡುಗೆಮನೆ, ಹಿತ್ತಿಲ ಬಚ್ಚಲಿನಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮ ಅಜ್ಜಿ ಮತ್ತು ನಾನು. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಎಳೆ ಕಿತ್ತುಹೋದಾಗ ಹಾಸು ಎಳೆಗಳ ಮೇಲೆ ಮುಖ ತಾಗುವಷ್ಟು ಬಗ್ಗಿ ಗಂಟು ಹಾಕಬೇಕು. ಗಡ್ಡವಿದ್ದರೆ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಬೀದಿಯ ಬೇರೆ ನೇಕಾರರು ವಾರಕ್ಕೊಮ್ಮೆ ಕಟಿಂಗ್ ಶಾಪಿಗೆ ಹೋಗಿ ಬಂದರೆ ಸಾಕೆನ್ನುವವರು. ಅವರ ಸೀರೆಗಳೇನೂ ಕೆಟ್ಟಿರಲಿಲ್ಲ. ಅಪ್ಪನದು ಮಾತ್ರ ದಿನಾ ಬೆಳಗಿನ ವ್ರತ. ಹಿತ್ತಿಲ ಕಂಬಕ್ಕೆ ಕನ್ನಡಿ ಸಿಕ್ಕಿಸಿ, ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು, ಬಟ್ಟಲಿನಲ್ಲಿ ಬ್ರಷ್ಷು ತಿರುಗಿಸಲು ಶುರು ಮಾಡಿದರೆ ಅದರ ಸದ್ದು ನನಗೆ ಹಾಸಿಗೆಯಲ್ಲೇ ಕೇಳುತ್ತಿತ್ತು. ಮುಗಿದ ಮೇಲೆ ಬಟ್ಟಲಿನ ನೀರು ಬಸಿದು, ಉಳಿದ ನೊರೆ ತೊಳೆದು, ಅಂಚನ್ನು ಒಣಬಟ್ಟೆಯಿಂದ ಒರೆಸಿ ಓರೆಯಾಗಿ ಇಡುತ್ತಿದ್ದ. ನೀರು ನಿಂತರೆ ಸೋಪು ಲೊಳೆಯಾಗುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಸೋಪು ಸವೆದು ನಡುವೆ ಬಟ್ಟಲಿನ ತಳ ಕಾಣಿಸಿದಾಗ ಹೊಸ ಬಿಲ್ಲೆ ತಂದು ಕೂರಿಸುವ ಕೆಲಸವಿರುತ್ತಿತ್ತು. ಆವತ್ತು ಅಪ್ಪ ಹಿತ್ತಿಲ ಜಗಲಿಯ ಮೇಲೆ ನಮಗೆಲ್ಲ ಬೆನ್ನು ತಿರುಗಿಸಿ ಕೂತು ಅದನ್ನು ಮಾಡುತ್ತಿದ್ದ. ನಾನು ಹತ್ತಿರ ಹೋದರೆ, "ಓಗು, ಓದ್ಕೋ ಓಗು" ಎನ್ನುತ್ತಿದ್ದ.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು ಸೂರು ಹತ್ತಿದ ಅಪ್ಪ ಹೆಂಚಿನಡಿಯ ಕೊಳೆತ ರೀಪರು ಪಟ್ಟಿಯ ಮೇಲೆ ಕಾಲಿಟ್ಟು ಬಿದ್ದ. ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ ಕಟ್ಟು ಹಾಕಿದರು. ಒಂದೂವರೆ ತಿಂಗಳ ಮೇಲೆ ಬಿಚ್ಚಿದಾಗ ಮೂಳೆ ಚೆನ್ನಾಗಿ ಕೂಡಿತ್ತು, ಆದರೆ ಬೆರಳುಗಳು ಮಡಚುತ್ತಿರಲಿಲ್ಲ. ಐದೂ ಬೆರಳು ಒಣಗಿದ ಅವರೆಕಾಯಿಯ ಹಾಗೆ ಸೆಟೆದುಕೊಂಡಿದ್ದವು. ಡಾಕ್ಟರು, "ದಿನಾ ಹಿಟ್ಟು ಹಿಸುಕಿ, ನಿಧಾನವಾಗಿ ಸಡಿಲ ಆಗ್ತವೆ" ಎಂದಿದ್ದರು. ಅವ್ವ ರಾಗಿಹಿಟ್ಟು ಕಲೆಸಿ ಉಂಡೆ ಮಾಡಿ ಕೈಯಲ್ಲಿಟ್ಟಳು. ಅಪ್ಪ ಎರಡು ದಿನ ಹಿಸುಕಿದ. ಮೂರನೆಯ ದಿನ ಉಂಡೆಯನ್ನು ಎಡಗೈಯಲ್ಲಿ ಎತ್ತಿ ಹಿತ್ತಿಲಿಗೆ ಎಸೆದ. ಕೋಳಿಗಳು ತಿಂದವು. ಆಮೇಲೆ ಅವನು ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಕೈಗೆ ಕಟ್ಟು ಬಿದ್ದಾಗಿನಿಂದ ಗಡ್ಡ ಬೆಳೆಯುತ್ತಲೇ ಇತ್ತು. ನಾನು ಅಪ್ಪನನ್ನು ಗಡ್ಡದಲ್ಲಿ ನೋಡಿದ್ದು ಅದೇ ಮೊದಲು. ಅಲ್ಲಲ್ಲಿ ಬಿಳಿ ಕೂದಲಿದ್ದು, ಯಾರೋ ದೂರದ ನೆಂಟರು ಬಂದು ಮಲಗಿದ ಹಾಗೆ ಕಾಣುತ್ತಿದ್ದ. ಕಟಿಂಗ್ ಶಾಪಿನ ಸಿದ್ದಪ್ಪ, ಅಪ್ಪನಿಗೆ ಮೊದಲಿನಿಂದ ಗೊತ್ತಿದ್ದವನು, ಒಂದು ಮಧ್ಯಾಹ್ನ ಪೆಟ್ಟಿಗೆ ಹಿಡಿದು ತಾನೇ ಮನೆಗೆ ಬಂದ.

"ಏಳಣ್ಣ, ಒಂದ್ ಗಳಿಗೆ ಕೂತ್ಕಂಡ್ರೆ ತೆಗ್ದ್‌ಬುಡ್ತೀನಿ. ಎದ್ದು ನಾಕ್ ಜನದ ಮಧ್ಯ ಬಾ."

"ಕೈ ಓದ್ರೂ ಮುಖ ನಂದೇ ಕಣ್ಲಾ ಸಿದ್ದ. ನನ್ ಪಾಡ್ಗೆ ಬುಟ್ಟುಬುಡು."

ಸಿದ್ದಪ್ಪ ಅವ್ವ ಕೊಟ್ಟ ಕಾಫಿ ಕುಡಿದು ಹೋದ. ಬೀದಿಯಲ್ಲಿ ಮಾತು ಶುರುವಾಗಿತ್ತು. ನೀರಿನ ಕೊಳಾಯಿಯ ಹತ್ತಿರ ಹೆಂಗಸರು ಅಜ್ಜಿಯನ್ನು ಕೇಳಿದರು, ಮಗ ಯಾಕೆ ಗಡ್ಡ ಬಿಟ್ಟಿದ್ದಾನೆ, ತಲೆ ಗಿಲೆ ಕೆಟ್ಟಿದೆಯೇ ಎಂದು. ಅಜ್ಜಿ ಕೊಡ ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

"ತಲೆ ಯಾಕವ್ವ ಕೆಡ್ತದ? ಮಾದಪ್ಪಂಗೆ ಹರಕೆ ಹೊತ್ತವ್ನೆ. ಕೈ ಸರ್‍ಯಾಗಗಂಟ ಗಡ್ಡ ತೆಗ್ಯಲ್ಲ ಅಂತ."

ಆ ಮಾತು ಸಂಜೆಯೊಳಗೆ ಬೀದಿಯ ಆ ತುದಿ ಮುಟ್ಟಿತು. ಮರುದಿನದಿಂದ ಜನ ಅಪ್ಪನ ಗಡ್ಡವನ್ನು ಭಕ್ತಿಯಿಂದ ನೋಡತೊಡಗಿದರು. ಒಬ್ಬರಂತೂ ಬಾಗಿಲಿನಲ್ಲೇ ನಿಂತು ಕೈ ಮುಗಿದು ಹೋದರು. ಅಪ್ಪನಿಗೆ ಏನೊಂದೂ ತಿಳಿಯದು. ಅವ್ವನಿಗೆ ತಿಳಿದಾಗ ಅತ್ತೆ ಸೊಸೆಗೆ ಅಡುಗೆಮನೆಯಲ್ಲಿ ದೊಡ್ಡ ಜಗಳವಾಯಿತು. ದೇವರ ಹೆಸರಿನಲ್ಲಿ ಸುಳ್ಳು ಹೇಳಬಹುದೇ ಎಂದು ಅವ್ವ. ಮಗನನ್ನು ಹುಚ್ಚ ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಅಜ್ಜಿ. ಎರಡು ದಿನ ಇಬ್ಬರೂ ಮಾತಾಡಬೇಕಾದ್ದನ್ನು ನನ್ನ ಮೂಲಕವೇ ಮಾತಾಡಿದರು.

ಮಗ್ಗದಲ್ಲಿ ಅರ್ಧ ನೆಯ್ದ ಸೀರೆ ಹಾಗೇ ನಿಂತಿತ್ತು. ಕಡುನೀಲಿ ಒಡಲು, ಅರಿಸಿನ ಬಣ್ಣದ ಅಂಚು. ಅವ್ವ ಅಷ್ಟು ವರ್ಷವೂ ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದವಳು, ಅಪ್ಪ ಊಟಕ್ಕೆ ಎದ್ದಾಗ ಎಂದಾದರೊಮ್ಮೆ ನಾಲ್ಕು ಸಲ ಲಾಳಿ ಎಸೆದಿದ್ದಳು, ಅಷ್ಟೆ. ಒಂದು ದಿನ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದಳು. ಅಪ್ಪನ ಕೈಯಲ್ಲಿ ಮಗ್ಗದ ಸದ್ದು ನಿದ್ದೆ ಬರುವಷ್ಟು ಒಂದೇ ಸಮ ಇರುತ್ತಿತ್ತು. ಅವ್ವನ ಕೈಯಲ್ಲಿ ಅದು ಎಡವಿ ಎಡವಿ ಬರುತ್ತಿತ್ತು. ಏಟು ತಪ್ಪಿದಾಗಲೆಲ್ಲ ಗೋಡೆಯ ಕಡೆ ಮಲಗಿದ್ದ ಅಪ್ಪನ ಬೆನ್ನು ಬಿಗಿಯಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೂ ತಿರುಗಿ ಒಂದು ಮಾತು ಹೇಳುತ್ತಿರಲಿಲ್ಲ.

ಆಗಲೇ ನನಗೆ ಆ ಬಟ್ಟಲಿನ ಯೋಚನೆ ಬಂದದ್ದು. ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ಒರಳುಕಲ್ಲಿನ ಮೇಲೆ ನಿಂತು ಅದನ್ನು ಗೂಡಿನಿಂದ ಇಳಿಸಿದೆ. ತಳದಲ್ಲಿ ಉಳಿದಿದ್ದ ಸೋಪು ಒಣಗಿ, ಬೇಸಿಗೆಯ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು. ಅಂಚಿಗೆ ಕಿಲುಬು ಹತ್ತಿತ್ತು. ಗೂಡಿನ ಹಿಂಬದಿಯಲ್ಲಿ, ಬೀಳುವುದಕ್ಕೆ ಮೊದಲು ಅಪ್ಪ ತಂದಿಟ್ಟಿದ್ದ ಹೊಸ ಬಿಲ್ಲೆ ಕಾಗದ ಸುತ್ತಿದಂತೆಯೇ ಇತ್ತು. ಬಟ್ಟಲು ಸರಿಯಾಗಿದ್ದರೆ ಅಪ್ಪನೂ ಸರಿಹೋಗುತ್ತಾನೆ ಎಂದು ಆ ವಯಸ್ಸಿಗೆ ಅನ್ನಿಸಿರಬೇಕು. ಹುಣಸೆಹಣ್ಣು ಹಾಕಿ ಬಟ್ಟಲಿನ ಹೊರಮೈ, ಅಂಚು ಬೆಳಗಿದೆ. ಬಿಲ್ಲೆ ಅದರ ಬಾಯೊಳಗೆ ಹೋಗಲಿಲ್ಲ. ಚಾಕುವಿನಿಂದ ಎರಡು ಹೋಳು ಮಾಡಿದೆ. ಆಗಲೂ ಸರಿಯಾಗಿ ಕೂರಲಿಲ್ಲ, ಅಲ್ಲಾಡುತ್ತಿತ್ತು. ಬೆಲ್ಲದ ಪಾಕದ ಹಾಗೆ ಕರಗಿಸಿ ಹುಯ್ದರೆ ತಾನಾಗಿ ಕೂರುತ್ತದೆ ಎಂದುಕೊಂಡು, ಒಂದು ಹೋಳನ್ನು ಸಣ್ಣ ಪಾತ್ರೆಯಲ್ಲಿ ನೀರಿನ ಜೊತೆ ಒಲೆಯ ಮೇಲಿಟ್ಟೆ. ಅದು ಕರಗುವ ಬದಲು ಉಕ್ಕಿತು. ಪಾತ್ರೆಯ ಬಾಯಿ ಮೀರಿ, ಒಲೆಯ ಮೇಲೆ ಹರಿದು, ಪಕ್ಕದಲ್ಲಿ ಮುಚ್ಚಿಟ್ಟಿದ್ದ ಹುರುಳಿಸಾರಿನ ಪಾತ್ರೆಯ ಸುತ್ತ ನೊರೆ ಏರಿತು. ಮನೆಯೆಲ್ಲ ಸೀದ ಸೆಂಟಿನ ವಾಸನೆ. ಮಗ್ಗದ ಗುಂಡಿಯಿಂದಲೇ ಅವ್ವ ಕೂಗಿದಳು.

"ರಾಜೀ! ಏನ್ ಸುಟ್ಟಾಕ್ದೆ?"

ನಾನು ಉತ್ತರ ಕೊಡುವಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಅಪ್ಪ ನಿಂತಿದ್ದ. ಯಾರೂ ಕರೆಯದೆ, ಯಾರೂ ಹಿಡಿದೆಬ್ಬಿಸದೆ ಅವನು ಎದ್ದು ಬಂದದ್ದು ಎಷ್ಟೋ ದಿನದ ಮೇಲೆ. ಪಾತ್ರೆ ನೋಡಿದ, ಬೆಳಗಿದ ಬಟ್ಟಲು ನೋಡಿದ, ನನ್ನ ಮುಖ ನೋಡಿದ. ಬೈಯುತ್ತಾನೆ ಎಂದು ಕಾದೆ.

"ಸೋಪ ಬೇಯ್ಸ್ತರಾ ಮಗಾ? ಅದೇನ್ ಬೇಳೆಯಾ?"

"ಒಳಗೆ ಓಯ್ತಿರ್ನಿಲ್ಲ ಅಪ್ಪ."

"ಓಯ್ತದ. ಒಲೆ ಆರ್ಸು. ಇನ್ನರ್ಧ ತಕಂಡು ಹಿತ್ಲಿಗೆ ಬಾ."

ಜಗಲಿಯ ಮೇಲೆ ಅಪ್ಪ ಕೂತ, ಈ ಸಲ ನನ್ನ ಕಡೆ ಮುಖ ಮಾಡಿ. ಉಳಿದ ಹೋಳನ್ನು ಚಾಕುವಿನಿಂದ ತೆಳ್ಳಗೆ ಹೆರೆಯಲು ಹೇಳಿದ. ಹೆರೆದ ಚೂರು ದಪ್ಪವಾದರೆ ತೆಗೆದು ಪಕ್ಕಕ್ಕಿಡುತ್ತಿದ್ದ. ಎಲ್ಲ ಹೆರೆದಾದ ಮೇಲೆ ಬಿಸಿನೀರನ್ನು ಬೆರಳ ತುದಿಯಿಂದ ಚಿಮುಕಿಸಬೇಕು, ಹುಯ್ಯಬಾರದು. ಕಲೆಸಿದರೆ ಚಪಾತಿ ಹಿಟ್ಟಿಗಿಂತ ಒಂದು ಚೂರು ಗಟ್ಟಿ ಇರಬೇಕು. ಬಟ್ಟಲಿನ ತಳದಲ್ಲಿದ್ದ ಹಳೆಯದನ್ನೂ ಕೆರೆದು ಅದಕ್ಕೇ ಸೇರಿಸಬೇಕು. ಅದು ಬಿಸಾಡುವಂಥದ್ದಲ್ಲ, ಹೊಸದಕ್ಕೆ ಹಿಡಿತ ಕೊಡುವುದು ಅದೇ. ನಾನು ಉಂಡೆ ಮಾಡಿ ಬಟ್ಟಲೊಳಗೆ ಇಟ್ಟು ಅಂಚಿನಿಂದ ಒತ್ತತೊಡಗಿದೆ.

"ಅಂಗಲ್ಲ. ನಡುವಿಂದ ಒತ್ತು. ನಡುವಿಂದ ಅಂಚಿಗೆ ಬಾ. ಇಲ್ದಿದ್ರೆ ಅಡೀಲಿ ಗಾಳಿ ಕೂತ್ಕತದ, ನಾಕ್ ದಿನಕ್ಕೆ ಎದ್ದು ಬತ್ತದ."

ಒತ್ತಿದೆ. ಅಪ್ಪನಿಗೆ ಸಮಾಧಾನವಾಗಲಿಲ್ಲ. ಇನ್ನೂ ಒತ್ತು, ಅಲ್ಲಿ ಒತ್ತು, ಹೆಬ್ಬೆರಳಲ್ಲಿ ಒತ್ತು ಎಂದು ಹೇಳುತ್ತಾ ಹೇಳುತ್ತಾ ತಡೆಯಲಾರದೆ, ಬಟ್ಟಲನ್ನು ಎಡಗೈಗೆ ತೆಗೆದುಕೊಂಡು ತನ್ನ ಬಲಗೈ ಹೆಬ್ಬೆರಳನ್ನೇ ಸೋಪಿನ ಮೇಲಿಟ್ಟ. ಬೆರಳು ಸೆಟೆದೇ ಇತ್ತು. ತೋಳಿನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಹಣೆಯ ಮೇಲೆ ಬೆವರು ಮೂಡಿತು. ಸೋಪು ನಿಧಾನವಾಗಿ ತಗ್ಗಿತು, ಅದರ ಜೊತೆಯಲ್ಲೇ ಹೆಬ್ಬೆರಳಿನ ಗಿಣ್ಣು ಒಂದಿಷ್ಟು ಬಾಗಿತು. ನಾವಿಬ್ಬರೂ ಅದನ್ನು ನೋಡಿದೆವು. ಅಪ್ಪ ತೋರುಬೆರಳನ್ನು ಇಟ್ಟು ಒತ್ತಿದ, ಆಮೇಲೆ ನಡುಬೆರಳು. ಅಷ್ಟು ಚಿಕ್ಕ ಬಟ್ಟಲಿಗೆ ಸೋಪು ಕೂರಿಸಲು ಆವತ್ತು ಮಧ್ಯಾಹ್ನದ ಊಟದ ಹೊತ್ತಿನವರೆಗೆ ಹಿಡಿಯಿತು. ಊಟಕ್ಕೆ ಕರೆಯಲು ಬಂದ ಅವ್ವ ಬಾಗಿಲಲ್ಲೇ ನಿಂತು, ಮತ್ತೆ ಸದ್ದಿಲ್ಲದೆ ಒಳಗೆ ಹೋದಳು. ಸಾರಿಗೆ ಸೋಪಿನ ವಾಸನೆ ಹತ್ತಿತ್ತು. ಆವತ್ತು ಯಾರೂ ಅದರ ಬಗ್ಗೆ ದೂರಲಿಲ್ಲ.

ನೆರಳಿನಲ್ಲಿ ಎರಡು ದಿನ ಒಣಗಬೇಕು ಎಂದು ಅಪ್ಪ ಹೇಳಿದ್ದ. ಆ ಎರಡು ದಿನವೂ ಕಲೆಸಿ ಉಳಿದಿದ್ದ ಸೋಪಿನ ಸಣ್ಣ ಉಂಡೆಯೊಂದನ್ನು ಕೈಯಲ್ಲಿಟ್ಟುಕೊಂಡು ಹಿಸುಕುತ್ತಾ ಕೂತಿರುತ್ತಿದ್ದ. ಮೂರನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸಿದ. ಕಂಬಕ್ಕೆ ಕನ್ನಡಿ ಸಿಕ್ಕಿಸಿಯಾಗಿತ್ತು. ಎಡಗೈಯಲ್ಲಿ ಬ್ರಷ್ಷು ಹಿಡಿದು ಹೇಗೋ ನೊರೆ ಬರಿಸಿಕೊಂಡು ಗಡ್ಡಕ್ಕೆಲ್ಲ ಬಳಿದುಕೊಂಡಿದ್ದ, ಮೂಗಿಗೂ ಕಿವಿಗೂ ಹತ್ತಿತ್ತು. ಆದರೆ ಎಡಗೈಯಲ್ಲಿ ರೇಜರು ನಡುಗುತ್ತಿತ್ತು.

"ನೀನೇ ತೆಗ್ದುಬುಡು ಮಗಾ. ಕೂದ್ಲು ಎತ್ಲಾಗೆ ಮಲಗ್ತದೋ ಅತ್ಲಾಗೆ ಎಳೀಬೇಕು, ಅಷ್ಟೆ."

ನಾನು ರೇಜರು ಹಿಡಿದು ಕೆನ್ನೆಯ ಹತ್ತಿರ ತಂದಿದ್ದೆ. ಅಷ್ಟರಲ್ಲಿ ಅಜ್ಜಿ ಬಚ್ಚಲಿನಿಂದ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ ಕೂಸೇ! ಅದು ಹರಕೆ ಗಡ್ಡ. ಮಾದಪ್ಪನ ಬೆಟ್ಟದಲ್ಲೇ ತೆಗೀಬೇಕು. ಇಲ್ಲಿ ಮುಟ್ಟುದ್ರೆ ನಿನ್ ಕೈಗೆ ದೋಸ."

"ಯಾವ್ ಹರಕೆ?" ಎಂದ ಅಪ್ಪ. ನೊರೆಯ ನಡುವೆ ಕಣ್ಣೆರಡೇ ಕಾಣುತ್ತಿದ್ದವು. ಅಜ್ಜಿ ಕೊಳಾಯಿಯ ಹತ್ತಿರ ಹೇಳಿದ್ದನ್ನು ಹೇಳಲೇಬೇಕಾಯಿತು. ಅಪ್ಪ ಕೇಳುತ್ತಾ ಕೇಳುತ್ತಾ ಕೆಂಪಾದ.

"ಹರಕೆ ನಿಂದು, ಗಡ್ಡ ನಂದಾ? ನನ್ನ ಒಂದ್ ಮಾತ್ ಕೇಳುದ್ಯಾ?"

"ನಿನ್ನ ಹುಚ್ಚ ಅಂತಿದ್ರು ಕಣ್ಲಾ. ನಾನೇನ್ ಮಾಡ್ಲಿ? ಬಾಯಿಗ್ ಬಂದದ್ದು ಮಾದಪ್ಪನ ಎಸ್ರು. ಈಗ ಅದು ಸುಳ್ಳಾಗ್‌ಬಾರ್ದು."

ಅಪ್ಪ ಕೂಗಾಡಿದ. ಅಜ್ಜಿ ಅತ್ತಳು. ನಾನು ರೇಜರು ಕೆಳಗಿಟ್ಟೆ. ಮೆತ್ತಿದ ನೊರೆ ಅಪ್ಪನ ಮುಖದ ಮೇಲೆಯೇ ಒಣಗಿ ಬಿಳಿ ಪುಡಿಯಾಗಿ ಉದುರಿತು. ಮತ್ತೆ ಗೋಡೆಯ ಕಡೆ ಮಲಗುತ್ತಾನೆ ಎಂದು ನನಗೆ ಭಯವಾಯಿತು. ಮಲಗಲಿಲ್ಲ. ಮಗ್ಗದ ಕೋಣೆಗೆ ಹೋಗಿ ಅವ್ವನ ಪಕ್ಕ ನೆಲದ ಮೇಲೆ ಕೂತ. ಅಜ್ಜಿ ಆವತ್ತು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯವರನ್ನು ಜೊತೆ ಮಾಡಿಕೊಂಡು ಮಾದಪ್ಪನ ಬೆಟ್ಟದ ಬಸ್ಸು ಹತ್ತುತ್ತೇನೆಂದು ಅವ್ವನಿಗೆ ಹೇಳಿಹೋಗಿದ್ದಳಂತೆ. ಹನೂರು ದಾಟಿ, ಕೌದಳ್ಳಿ ದಾಟಿ ಆ ತಿರುವುಗಳಲ್ಲಿ ಬಸ್ಸು ಹತ್ತುವಾಗ ಅಜ್ಜಿಗೆ ಯಾವಾಗಲೂ ವಾಂತಿಯಾಗುತ್ತಿತ್ತು. ಅದಕ್ಕೇ ಅವಳು ಬೆಟ್ಟಕ್ಕೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದರ ಮಾರನೆಯ ದಿನ ಮಧ್ಯಾಹ್ನ ವಾಪಸು ಬಂದಳು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದಿದ್ದಳು. ನಡುಮನೆಯಲ್ಲಿ ಕೂತು, ಪ್ರಸಾದದ ಪೊಟ್ಟಣ ನನ್ನ ಕೈಗೆ ಕೊಟ್ಟು, ಸೆರಗು ಸರಿಸಿದಳು. ತಲೆ ನುಣ್ಣಗಿತ್ತು. ಮೊಣಕಾಲು ಮುಟ್ಟುವ ಕೂದಲಿದ್ದ ಅಜ್ಜಿ ಅವಳು. ದಿನಾ ಸಂಜೆ ಹಿತ್ತಿಲಲ್ಲಿ ಕೂತು ಅದನ್ನು ಬಾಚಿಕೊಳ್ಳುವುದೇ ಅವಳಿಗಿದ್ದ ಒಂದು ಷೋಕಿ.

"ಹರಕೆ ಏಳಿದ್ದು ನನ್ ಬಾಯಿ. ನನ್ ತಲೇಲೇ ತೀರಿಸ್ಬುಟ್ಟೆ. ಮಾದಪ್ಪಂಗೂ ನಂಗೂ ಲೆಕ್ಕ ಸರ್‍ಯಾಯ್ತು. ಈಗ ತಗೀ ಕೂಸೇ ಅವನ್ ಗಡ್ಡವ."

ಅಪ್ಪ ಎದ್ದು ಬಂದು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತ. ಬಲಗೈಯನ್ನೇ ಎತ್ತಿ ಅವಳ ತಲೆಯ ಮೇಲಿಟ್ಟ. ಬೆರಳುಗಳು ಪೂರ್ತಿ ಬಾಗದಿದ್ದರೂ ಆ ಗುಂಡು ತಲೆಗೆ ಸರಿಯಾಗಿ ಹೊಂದಿಕೊಂಡವು.

"ಯಾಕವ್ವ ಇಂಗ್ ಮಾಡ್ಕಂಡೆ?" ಎಂದಷ್ಟೇ ಹೇಳಿದ.

"ಬುಡ್ಲಾ. ಕೂದ್ಲು ಬೆಳೀತದ" ಎಂದಳು ಅಜ್ಜಿ.

ಮರುದಿನ ಬೆಳಿಗ್ಗೆ ನಾನು ಅಪ್ಪನ ಗಡ್ಡ ತೆಗೆದೆ. ಅಷ್ಟುದ್ದ ಬೆಳೆದದ್ದು ರೇಜರಿಗೆ ಜಗ್ಗಲಿಲ್ಲ. ಮೊದಲು ಅವ್ವ ಕತ್ತರಿಯಿಂದ ಗಿಡ್ಡ ಮಾಡಿಕೊಟ್ಟಳು. ಅಜ್ಜಿ ಕನ್ನಡಿ ಹಿಡಿದಳು. ನೊರೆ ಬಳಿದು, ಚರ್ಮವನ್ನು ಎಡಗೈಯಿಂದ ಸ್ವಲ್ಪ ಬಿಗಿ ಹಿಡಿದು, ಮೇಲಿನಿಂದ ಕೆಳಕ್ಕೆ ಎಳೆದೆ. ಮೊದಲ ಎಳೆತಕ್ಕೆ ಒಂದು ಬೆರಳಗಲದಷ್ಟು ಅಪ್ಪನ ಮುಖ ಕಾಣಿಸಿತು, ಬಿಸಿಲು ಕಾಣದೆ ಬೆಳ್ಳಗಾಗಿತ್ತು. ಗದ್ದದ ತಿರುವಿನಲ್ಲಿ ಕೊಯ್ದು ರಕ್ತ ಬಂತು. ಅಪ್ಪ ಅಲುಗಾಡಲಿಲ್ಲ, "ಇರ್‍ಲಿ, ಮುಂದಕ್ಕೋಗು" ಎಂದ. ಮುಗಿದಾಗ ಕೆನ್ನೆ ಒಳಗೆ ಹೋಗಿದ್ದ, ಸೊರಗಿದ್ದ, ಆದರೆ ಖಂಡಿತವಾಗಿ ನಮ್ಮದೇ ಆದ ಅಪ್ಪ ಅಲ್ಲಿ ಕೂತಿದ್ದ. ಅದೇ ದಿನ ಬೀದಿಗಿಳಿದು ಹೋಟೆಲಿನವರೆಗೆ ಹೋಗಿ ಬಂದ. ಬೆಟ್ಟಕ್ಕೆ ಹೋಗಿದ್ದೆಯಾ ಎಂದು ಕೇಳಿದವರಿಗೆಲ್ಲ, "ನಾನಲ್ಲ, ನಮ್ಮವ್ವ ಓಗಿದ್ಲು" ಎಂದು ಮರೆಮಾಚದೆ ಹೇಳಿದನಂತೆ.

ಆಮೇಲಿನ ಏಳೆಂಟು ತಿಂಗಳು ಬಟ್ಟಲು ನನ್ನ ವಶದಲ್ಲಿತ್ತು. ದಿನ ಬಿಟ್ಟು ದಿನ ಶಾಲೆಗೆ ಹೊರಡುವ ಮೊದಲು ಅಪ್ಪನಿಗೆ ಕ್ಷೌರ. ನೀರು ಬಸಿಯುವುದು, ಅಂಚು ಒರೆಸುವುದು, ಓರೆಯಾಗಿ ಇಡುವುದು ನನ್ನ ಕೆಲಸ. ಸೋಪು ಸವೆದಾಗ ಮಾತ್ರ ಕೂರಿಸುವ ಕೆಲಸ ಅಪ್ಪನದು, ಹೆರೆದು ಕಲೆಸಿ ಕೊಡುವುದಷ್ಟೇ ನನ್ನದು. ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಕಲೆಸಿ ಕೊಡುವುದನ್ನು ನಾನು ಕಲಿತೆ. ಉಳಿದ ದಿನಗಳಲ್ಲಿ ಅವನು ಅವ್ವನಿಗೆ ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದ, ಏಟು ತಪ್ಪಿದರೆ ಈಗ ಬಾಯಿಬಿಟ್ಟು ಹೇಳುತ್ತಿದ್ದ, ಅವ್ವ ತಿರುಗಿ ಹೇಳುತ್ತಿದ್ದಳು. ಆ ನೀಲಿ ಸೀರೆ ಮುಗಿಯಿತು. ಮಧ್ಯದಲ್ಲಿ ಒಂದು ಗೇಣಿನಷ್ಟು ಅವ್ವನ ಮೊದಲ ದಿನಗಳ ನೇಯ್ಗೆ ಬಿಗಿ ತಪ್ಪಿತ್ತು, ಸೀರೆ ಕೊಂಡುಕೊಳ್ಳುವವರು ಗೊಣಗಿಕೊಂಡೇ ತೆಗೆದುಕೊಂಡು ಹೋದರು. ಮುಂದಿನ ಸೀರೆಯಲ್ಲಿ ಆ ತಪ್ಪಿರಲಿಲ್ಲ. ಅಲ್ಲಿಂದಾಚೆಗೆ ನಮ್ಮ ಮನೆಯ ಮಗ್ಗಕ್ಕೆ ಇಬ್ಬರು ನೇಕಾರರಾದರು.

ಒಂದು ಬೆಳಿಗ್ಗೆ ನಾನು ಎದ್ದು ಹಿತ್ತಿಲಿಗೆ ಬಂದಾಗ ಅಪ್ಪ ಆಗಲೇ ಕನ್ನಡಿಯ ಮುಂದೆ ನಿಂತಿದ್ದ. ಬಲಗೈಯಲ್ಲೇ ರೇಜರಿತ್ತು. ಅರ್ಧ ಮುಖ ಮುಗಿದಿತ್ತು. ನನಗೆ ಸಂತೋಷವಾಗಬೇಕಿತ್ತು, ಆದರೆ ಮೊದಲು ಬಂದದ್ದು ಸಂಕಟ. ನನ್ನ ಕೆಲಸವನ್ನು ನನ್ನನ್ನು ಕೇಳದೆ ಯಾರೋ ಕಿತ್ತುಕೊಂಡ ಹಾಗೆ. ಬಾಗಿಲಿಗೆ ಒರಗಿ ನಿಂತೆ. ಅಪ್ಪ ತುಂಬ ಹೊತ್ತು ತೆಗೆದುಕೊಂಡ. ಮುಖ ತೊಳೆದು ನನ್ನ ಕಡೆ ತಿರುಗಿದ.

"ಸರ್‍ಯಾಗದಾ ನೋಡು."

ಎಡಕಿವಿಯ ಕೆಳಗೆ, ಬಲಗೈ ಇನ್ನೂ ಸುಲಭವಾಗಿ ತಲುಪದ ಜಾಗದಲ್ಲಿ, ಒಂದು ಪಟ್ಟಿ ಹಾಗೇ ಉಳಿದಿತ್ತು. ಚೆನ್ನಾಗಿದೆ ಎಂದುಬಿಡಬಹುದಿತ್ತು. ಇಲ್ಲವೇ ರೇಜರು ಇಸಿದುಕೊಂಡು ಒಂದೇ ಎಳೆತಕ್ಕೆ ತೆಗೆದುಬಿಡಬಹುದಿತ್ತು. ನನ್ನ ಕೈ ಅದಕ್ಕಾಗಿ ತವಕಿಸುತ್ತಿತ್ತು. ಮುಂದೆ ಮೂವತ್ತು ವರ್ಷ ನಾನು ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದೆ. ಬಿದ್ದು ಎದ್ದವರು ಮೊದಲ ಸಲ ತಾವಾಗಿ ಚಮಚ ಹಿಡಿಯುವಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅವರ ಪಕ್ಕ ನಿಂತಿದ್ದೇನೆ. ಆ ಹೊತ್ತಿನಲ್ಲಿ ನಮ್ಮ ಕೈಯನ್ನು ಹಿಂದಕ್ಕೆ ಹಿಡಿದುಕೊಳ್ಳುವುದು ಇಂಜೆಕ್ಷನ್ ಕೊಡುವುದಕ್ಕಿಂತ ಕಷ್ಟ. ನಾನು ಅದನ್ನು ಮೊದಲು ಮಾಡಿದ್ದು ಆ ಹಿತ್ತಿಲಲ್ಲಿ.

"ಎಡಕಿವಿ ಕೆಳ್ಗೆ ಒಸಿ ಉಳ್ಕಂಡದ ಅಪ್ಪ" ಎಂದೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಅಪ್ಪ ಕನ್ನಡಿಯ ಕಡೆ ತಿರುಗಿದ. ಕುತ್ತಿಗೆ ಓರೆ ಮಾಡಿದ. ಮೊದಲ ಸಲ ಎಟುಕಲಿಲ್ಲ. ಎರಡನೆಯ ಸಲ ರೇಜರು ಜಾರಿತು. ಮೂರನೆಯ ಸಲಕ್ಕೆ ತೆಗೆದ.